24 ಮೈಬಣ್ಣಗಳ ಕ್ರೇಯಾನ್ ಪೆಟ್ಟಿಗೆ: ಎಂಟು ತಿಂಗಳ ಬಳಕೆಯ ನಂತರ

ಪುಣೆಯ ಕೋಥ್ರೂಡಿನಲ್ಲಿರುವ ನಮ್ಮ ಮನೆಯಲ್ಲಿ ಕಳೆದ ಎಂಟು ತಿಂಗಳಿನಿಂದ ಹೆಚ್ಚುಕಡಿಮೆ ಪ್ರತಿದಿನ ಬಳಕೆಯಾಗುತ್ತಿರುವ ಒಂದು ಕ್ರೇಯಾನ್ ಪೆಟ್ಟಿಗೆಯ ಬಗ್ಗೆ ಬರೆಯುತ್ತಿದ್ದೇನೆ. ಇದು ಅಮೆರಿಕದ ಕ್ರೇಯೋಲಾ ಕಂಪನಿಯ ‘ಕಲರ್ಸ್ ಆಫ್ ದ ವರ್ಲ್ಡ್’. ಒಳಗೆ 24 ಕಡ್ಡಿಗಳಿವೆ, ಇಪ್ಪತ್ತನಾಲ್ಕೂ ಮನುಷ್ಯರ ಮೈಬಣ್ಣಗಳೇ. ಗಿಡಕ್ಕೆ ಹಚ್ಚಲು ಹಸಿರಾಗಲಿ, ಆಕಾಶಕ್ಕೆ ನೀಲಿಯಾಗಲಿ ಇದರಲ್ಲಿ ಇಲ್ಲ. ಕೂದಲು ಮತ್ತು ಕಣ್ಣಿನ ಬಣ್ಣಗಳನ್ನೂ ಸೇರಿಸಿ 32 ಕಡ್ಡಿಗಳಿರುವ ಪೆಟ್ಟಿಗೆಯೂ ಬರುತ್ತದೆ. ನಾವು ತರಿಸಿದ್ದು ಚಿಕ್ಕದನ್ನು. ಅಪ್ಪಾ ಬಳವಂತ ಚೌಕದ ನಾಲ್ಕೈದು ಸ್ಟೇಷನರಿ ಅಂಗಡಿಗಳಲ್ಲಿ ವಿಚಾರಿಸಿ, ಎಲ್ಲಿಯೂ ಸಿಗದೆ, ಕೊನೆಗೆ ಆನ್‌ಲೈನ್‌ನಲ್ಲಿ ತರಿಸಿಕೊಂಡೆವು.

ಮಕ್ಕಳ ಬಣ್ಣದ ಪೆಟ್ಟಿಗೆಗೆ ಇಷ್ಟು ದೀರ್ಘವಾದ ವಿಮರ್ಶೆ ಏಕೆ ಬೇಕು ಎಂಬುದು ತಿಳಿಯಬೇಕಾದರೆ ನಮ್ಮ ಮನೆಯ ಸಂಗತಿಯನ್ನು ಮೊದಲು ಹೇಳಬೇಕು. ನಾನೂ ನನ್ನ ಯಜಮಾನರೂ ಧಾರವಾಡದವರು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಇಬ್ಬರೂ ‘ಕೆಂಪಗೆ’ ಇರುವವರು, ಅಂದರೆ ಬಣ್ಣದ ಕಾರಣಕ್ಕೆ ಜೀವಮಾನದಲ್ಲಿ ಒಂದು ದಿನವೂ ಯಾರಿಂದಲೂ ಒಂದು ಮಾತು ಕೇಳದವರು. ನಮ್ಮ ಮಗಳು ದತ್ತು ಬಂದವಳು. ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ ಅರ್ಜಿಯಲ್ಲಿ ಮಗುವಿನ ವಯಸ್ಸು, ಲಿಂಗ, ರಾಜ್ಯ ಇವುಗಳ ಬಗ್ಗೆ ಆಯ್ಕೆ ಕೇಳುತ್ತಾರೆ, ಬಣ್ಣವನ್ನು ಕೇಳುವುದಿಲ್ಲ. ಮಗುವಿನ ಫೋಟೋ ಮತ್ತು ವೈದ್ಯಕೀಯ ವರದಿ ಬಂದ ಮೇಲೆ ಒಪ್ಪಿಗೆ ತಿಳಿಸಲು 48 ಗಂಟೆಗಳ ಅವಕಾಶವಿರುತ್ತದೆ. ನಮಗೆ ಒಂದು ಗಂಟೆಯೂ ಬೇಕಾಗಲಿಲ್ಲ. ಹದಿನಾಲ್ಕು ತಿಂಗಳ ಕೂಸಾಗಿ ಬಂದವಳಿಗೆ ಈಗ ಏಳು ವರ್ಷ. ಅವಳ ಬಣ್ಣ ಕಪ್ಪು. ಎಣ್ಣೆಗೆಂಪು ಎಂದೋ ಗೋಧಿಬಣ್ಣ ಎಂದೋ ನಯ ಮಾಡಿ ಹೇಳುವಂಥದ್ದಲ್ಲ, ಕಪ್ಪೇ. ಕೂದಲು ಬಿಗಿಯಾದ ಗುಂಗುರು.

ಮಗು ಮನೆಗೆ ಬಂದ ವಾರದಲ್ಲೇ ಊರಿನಿಂದ ಬಂದ ಹಿರಿಯರೊಬ್ಬರು “ಕಪ್ಪಾದರೂ ಲಕ್ಷಣಾಗ್ಯಾಳ” ಎಂದರು. ಪಕ್ಕದ ಮನೆಯ ಮರಾಠಿ ಅಜ್ಜಿ, ಮಗುವಿನ ಮೇಲೆ ಜೀವವನ್ನೇ ಇಟ್ಟುಕೊಂಡವರು, “ಸಾವಳೀ ಆಹೇ, ಪಣ ಗೋಡ ಆಹೇ”, ಬಣ್ಣ ಕಪ್ಪು, ಆದರೆ ಮುದ್ದಾಗಿದ್ದಾಳೆ, ಎಂದರು. ಎರಡನ್ನೂ ನಾನು ಮೆಚ್ಚುಗೆ ಎಂದೇ ಸ್ವೀಕರಿಸಿ ನಕ್ಕಿದ್ದೆ. ಆ ‘ಆದರೂ’ ಮತ್ತು ಆ ‘ಪಣ’ ನನಗೆ ಕೇಳಿಸಿದ್ದು ಐದು ವರ್ಷಗಳ ನಂತರ, ಮಗಳು ಒಂದು ಚಿತ್ರ ಬಿಡಿಸಿಕೊಂಡು ಬಂದಾಗ.

ಶಾಲೆಯಲ್ಲಿ ‘ನನ್ನ ಕುಟುಂಬ’ ಎಂಬ ಚಿತ್ರ ಬರೆಸಿದ್ದರು. ಮೂವರು ಕೈ ಹಿಡಿದುಕೊಂಡು ನಿಂತಿದ್ದೆವು: ಎತ್ತರದ ಅಪ್ಪ, ಸೀರೆಯುಟ್ಟ ನಾನು, ನಡುವೆ ಎರಡು ಜಡೆಯ ಹುಡುಗಿ. ಮೂವರ ಮುಖಕ್ಕೂ ಕೈಕಾಲಿಗೂ ಒಂದೇ ಬಣ್ಣ, ಮಕ್ಕಳೆಲ್ಲ ‘ಸ್ಕಿನ್ ಕಲರ್’ ಎಂದು ಕರೆಯುವ ಆ ಮಂದ ಗುಲಾಬಿ ಮಿಶ್ರಿತ ಕೇಸರಿ. ನಾನು ಸುಮ್ಮನೆ ಕೇಳಿದೆ, ನಿನಗೂ ಇದೇ ಬಣ್ಣ ಯಾಕೆ ಹಚ್ಚಿದಿ ಎಂದು. “ಮೈಗೆ ಸ್ಕಿನ್ ಕಲರ್ ಹಚ್ರಿ ಅಂದ್ರು ಅಮ್ಮಾ. ನಂದು ಸ್ಕಿನ್ ಕಲರ್ ಅಲ್ಲ, ನಂದು ಬ್ರೌನ್” ಎಂದಳು. ದುಃಖದಿಂದ ಹೇಳಲಿಲ್ಲ. ನಾಳೆ ಟಿಫಿನ್ನಿಗೆ ಏನು ಎಂದು ಕೇಳುವ ಧ್ವನಿಯಲ್ಲೇ ಹೇಳಿದಳು. ತನ್ನ ಚರ್ಮದ ಬಣ್ಣ ಚರ್ಮದ ಬಣ್ಣವೇ ಅಲ್ಲ ಎಂಬುದನ್ನು ಆ ಮಗು ಒಪ್ಪಿಕೊಂಡುಬಿಟ್ಟಿತ್ತು. ‘ಸ್ಕಿನ್’ ಎಂದು ಹೆಸರು ಅಚ್ಚಾದ ಕ್ರೇಯಾನಿನ ವಿರುದ್ಧ ಬೆಂಗಳೂರಿನ ಕಾನೂನು ವಿದ್ಯಾರ್ಥಿಯೊಬ್ಬರು ಗ್ರಾಹಕರ ವೇದಿಕೆಯ ಮೆಟ್ಟಿಲು ಹತ್ತಿದ ಸುದ್ದಿಯನ್ನು ಹಿಂದೊಮ್ಮೆ ಓದಿದಾಗ ಇಷ್ಟು ಸಣ್ಣದಕ್ಕೆ ಕೋರ್ಟೇ ಎಂದು ನನಗೆ ಅನ್ನಿಸಿತ್ತು. ಆ ರಾತ್ರಿ ಹಾಗೆ ಅನ್ನಿಸಲಿಲ್ಲ.

ಈ ಪೆಟ್ಟಿಗೆಯ ಹಿಂದಿನ ಕಥೆ ಉದ್ದವಾದದ್ದು. ಇದೇ ಕ್ರೇಯೋಲಾ ಕಂಪನಿಯ ಡಬ್ಬಿಯಲ್ಲಿ ‘ಫ್ಲೆಶ್’, ಅಂದರೆ ಮೈಬಣ್ಣ, ಎಂಬ ಹೆಸರಿನ ಕಡ್ಡಿಯೊಂದಿತ್ತು, ಅದು ಬಿಳಿಯರ ಮೈಬಣ್ಣವಾಗಿತ್ತು. ಅಮೆರಿಕದಲ್ಲಿ ನಾಗರಿಕ ಹಕ್ಕುಗಳ ಚಳವಳಿ ನಡೆಯುತ್ತಿದ್ದ 1962ರಲ್ಲಿ ಅದರ ಹೆಸರು ‘ಪೀಚ್’ ಎಂದಾಯಿತು. 1999ರಲ್ಲಿ ‘ಇಂಡಿಯನ್ ರೆಡ್’ ಎಂಬ ಇನ್ನೊಂದು ಹೆಸರು ಹೋಗಿ ‘ಚೆಸ್ಟ್‌ನಟ್’ ಬಂತು. ಆ ಹೆಸರು ನಮ್ಮ ದೇಶದ ಕಡೆ ದೊರೆಯುವ ಕೆಂಗಂದು ವರ್ಣದ್ರವ್ಯದಿಂದ ಬಂದದ್ದಾದರೂ, ಅಲ್ಲಿಯ ಮಕ್ಕಳು ಅದನ್ನು ಅಮೆರಿಕದ ಮೂಲನಿವಾಸಿಗಳ ಮೈಬಣ್ಣವೆಂದು ತಿಳಿಯುತ್ತಿದ್ದರು ಎಂಬುದು ಕಾರಣವಾಗಿತ್ತು. ಬೇರೆ ಬೇರೆ ಮೈಬಣ್ಣಗಳ ಪುಟ್ಟ ಡಬ್ಬಿಯನ್ನು ಅವರು 1992ರಲ್ಲೇ ತಂದಿದ್ದರು. ಈಗಿನ 24ರ ಪೆಟ್ಟಿಗೆಯನ್ನು ಘೋಷಿಸಿದ್ದು 2020ರ ಮೇ 21ರಂದು. ಅದಾದ ನಾಲ್ಕನೆಯ ದಿನ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವರ್ಣೀಯ ವ್ಯಕ್ತಿ ಪೊಲೀಸರ ಕೈಯಲ್ಲಿ ಸತ್ತರು, ಆ ಬೇಸಿಗೆಯಿಡೀ ಅಮೆರಿಕ ಬೀದಿಗಿಳಿಯಿತು. ನಮ್ಮಲ್ಲಿ 1975ರಿಂದ ಮಾರಾಟವಾಗುತ್ತಿದ್ದ ಪ್ರಸಿದ್ಧ ಕ್ರೀಮಿನ ಹೆಸರಿನಿಂದ ‘ಫೇರ್’ ಎಂಬ ಪದ ಹೋದದ್ದೂ ಅದೇ ವರ್ಷ. ಮುಖಕ್ಕೆ ಹಚ್ಚುವ ಫೌಂಡೇಶನ್ ಬಣ್ಣಗಳನ್ನು ರೂಪಿಸಿ ಅನುಭವವಿದ್ದ ರಸಾಯನತಜ್ಞ ವಿಕ್ಟರ್ ಕಸಾಲೆ ಅವರ ಸಹಾಯದಿಂದ ಈ ಬಣ್ಣಗಳನ್ನು ಹದ ಮಾಡಿದ್ದಾರೆ. ಒಂದು ಕಡ್ಡಿಗೂ ಮುಂದಿನದಕ್ಕೂ ಇರುವುದು ಬರೀ ಹೆಚ್ಚು ಕಪ್ಪು, ಕಡಿಮೆ ಕಪ್ಪು ಎಂಬ ವ್ಯತ್ಯಾಸವಲ್ಲ; ಒಂದರಲ್ಲಿ ಬಾದಾಮಿಯ ಛಾಯೆ, ಒಂದರಲ್ಲಿ ಹೊನ್ನಿನದು, ಒಂದರಲ್ಲಿ ಗುಲಾಬಿಯದು. ಕಡ್ಡಿಯನ್ನು ಮುಂಗೈಯ ಪಕ್ಕಕ್ಕೆ ಹಿಡಿದು ನೋಡಿದಾಗ ಅದರ ಬೆಲೆ ತಿಳಿಯುತ್ತದೆ.

ಮಕ್ಕಳು, ಕ್ರೇಯಾನು ಮತ್ತು ಬಣ್ಣ ಇವುಗಳ ಸಂಬಂಧವನ್ನು ಗಂಭೀರವಾಗಿ ನೋಡಿದವರಲ್ಲಿ ಪ್ರಮುಖರು ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ಅಮೆರಿಕದ ಕಪ್ಪು ವರ್ಣೀಯ ಮನಶ್ಶಾಸ್ತ್ರಜ್ಞ ದಂಪತಿ. 1940ರ ಆಸುಪಾಸಿನಲ್ಲಿ ಅವರು ನಡೆಸಿದ ಗೊಂಬೆಗಳ ಪರೀಕ್ಷೆ ಪ್ರಸಿದ್ಧವಾಗಿದೆ: ಬಣ್ಣವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಒಂದೇ ಆಗಿದ್ದ ಗೊಂಬೆಗಳನ್ನು ಮುಂದಿಟ್ಟಾಗ ಕಪ್ಪು ಮಕ್ಕಳಲ್ಲಿ ಹೆಚ್ಚಿನವರು ಬಿಳಿಯ ಗೊಂಬೆಯನ್ನೇ ಒಳ್ಳೆಯದೆಂದರು. ಶಾಲೆಗಳಲ್ಲಿ ಬಿಳಿಯ ಮತ್ತು ಕಪ್ಪು ಮಕ್ಕಳನ್ನು ಬೇರೆ ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟು 1954ರಲ್ಲಿ ಕೊಟ್ಟ ತೀರ್ಪಿನಲ್ಲಿ ಅವರ ಕೆಲಸದ ಉಲ್ಲೇಖವಿದೆ. ಅಷ್ಟಾಗಿ ಪ್ರಚಾರವಿಲ್ಲದ ಇನ್ನೊಂದು ಪರೀಕ್ಷೆಯನ್ನೂ ಅವರು ಮಾಡಿದ್ದರು. ಮಗುವಿನ ರೇಖಾಚಿತ್ರವನ್ನೂ ಒಂದು ಡಬ್ಬಿ ಕ್ರೇಯಾನನ್ನೂ ಕೊಟ್ಟು, ನಿನ್ನ ಬಣ್ಣವನ್ನೇ ಇದಕ್ಕೆ ಹಚ್ಚು ಎಂದು ಹೇಳುವುದು. ಎಲೆಗೂ ಕಿತ್ತಳೆಹಣ್ಣಿಗೂ ಸರಿಯಾದ ಬಣ್ಣವನ್ನೇ ಹಚ್ಚಿದ ಮಕ್ಕಳಲ್ಲಿ ಅನೇಕರು ತಮಗೆ ಮಾತ್ರ ಇರುವುದಕ್ಕಿಂತ ತಿಳಿಯಾದ ಬಣ್ಣ ಹಚ್ಚಿಕೊಂಡರು. ಅದನ್ನು ಓದಿದಾಗ ನನ್ನ ಮುಂದೆ ಮೇಜಿನ ಮೇಲೆ ಮೂವರು ಕೈಹಿಡಿದು ನಿಂತ ಆ ಚಿತ್ರವಿತ್ತು.

ದತ್ತು ಪಡೆಯುವ ಬಗ್ಗೆ ಕನ್ನಡದಲ್ಲೂ ಮರಾಠಿಯಲ್ಲೂ ಓದಲು ಸಿಕ್ಕಿತು. ತಂದೆತಾಯಿಗಿಲ್ಲದ ಬಣ್ಣವಿರುವ ಮಗುವನ್ನು ಬೆಳೆಸುವುದು ಹೇಗೆ ಎಂಬುದರ ಬಗ್ಗೆ ಸಿಕ್ಕಿದ್ದೆಲ್ಲ ಅಮೆರಿಕದ ಬಿಳಿಯ ತಂದೆತಾಯಿಗಳದು ಮತ್ತು ಅವರು ಬೆಳೆಸಿದ ಕಪ್ಪು ಮಕ್ಕಳದು. ಅಲ್ಲಿ ಈ ಪ್ರಶ್ನೆ ಹಳೆಯದು, ಜಗಳವೂ ಹಳೆಯದು. 1972ರಲ್ಲಿ ಕಪ್ಪು ವರ್ಣೀಯ ಸಮಾಜ ಕಾರ್ಯಕರ್ತರ ರಾಷ್ಟ್ರೀಯ ಸಂಘವು ಕಪ್ಪು ಮಕ್ಕಳನ್ನು ಬಿಳಿಯರ ಮನೆಗಳಿಗೆ ಕೊಡುವುದನ್ನು ಬಲವಾಗಿ ವಿರೋಧಿಸಿ ಹೇಳಿಕೆ ಹೊರಡಿಸಿತು; ವರ್ಣಭೇದ ತುಂಬಿದ ಸಮಾಜದಲ್ಲಿ ಬದುಕುವುದು ಹೇಗೆಂಬುದನ್ನು ಕಪ್ಪು ಕುಟುಂಬವಷ್ಟೇ ಕಲಿಸಬಲ್ಲದು ಎಂಬುದು ಅವರ ವಾದವಾಗಿತ್ತು. ಮುಂದೆ 1994ರ ಕಾಯ್ದೆ ಮತ್ತು 1996ರ ತಿದ್ದುಪಡಿಗಳು ಬಣ್ಣದ ಕಾರಣಕ್ಕೆ ದತ್ತನ್ನು ತಡೆಯುವುದನ್ನಾಗಲಿ ತಡಮಾಡುವುದನ್ನಾಗಲಿ ನಿಷೇಧಿಸಿದವು. ಕಾನೂನು ಬದಲಾದರೂ ಆ ವಾದದಲ್ಲಿದ್ದ ಪ್ರಶ್ನೆ ಉಳಿದೇ ಇದೆ. ಬೆಳೆದು ದೊಡ್ಡವರಾದ ದತ್ತು ಮಕ್ಕಳು ಮತ್ತೆ ಮತ್ತೆ ಹೇಳುವ ಮಾತು ಒಂದೇ: ನಮ್ಮವರು ನಮ್ಮನ್ನು ಪ್ರೀತಿಯಿಂದಲೇ ಸಾಕಿದರು, ಆದರೆ ನಮಗೆ ಬಣ್ಣವೇ ಕಾಣುವುದಿಲ್ಲ ಎನ್ನುತ್ತಿದ್ದರು, ಹಾಗಾಗಿ ಬೀದಿಯಲ್ಲಿ ಆದದ್ದನ್ನು ಮನೆಗೆ ಬಂದು ಹೇಳಲು ನಮಗೆ ಬಾಯಿ ಬರಲಿಲ್ಲ.

ನಮ್ಮ ಸ್ಥಿತಿ ಅವರದಕ್ಕೆ ಸಮ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಹಿಂದೆ ಗುಲಾಮಗಿರಿಯಿತ್ತು. 1967ರವರೆಗೂ ಹದಿನಾರು ರಾಜ್ಯಗಳಲ್ಲಿ ಬಿಳಿಯರು ಕಪ್ಪು ವರ್ಣೀಯರನ್ನು ಮದುವೆಯಾಗುವುದೇ ಕಾನೂನುಬಾಹಿರವಾಗಿತ್ತು. ಪೊಲೀಸರು ಗಾಡಿ ನಿಲ್ಲಿಸಿದರೆ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕು ಎಂಬುದನ್ನು ಕಪ್ಪು ಮನೆಗಳಲ್ಲಿ ಇಂದಿಗೂ ಗಂಡುಮಕ್ಕಳಿಗೆ ಕೂರಿಸಿಕೊಂಡು ಹೇಳಿಕೊಡುತ್ತಾರೆ. ಅಂಥ ಪಾಠವನ್ನು ತಮ್ಮ ಅಪ್ಪನಿಂದ ಕೇಳಿರದ ಬಿಳಿಯ ತಂದೆ ಅದನ್ನು ಬೇರೆಯವರ ಬಳಿ ಕಲಿತು ಮಗನಿಗೆ ಹೇಳಬೇಕಾಗುತ್ತದೆ. ಬಿಳಿಯ ತಾಯಿಯೊಬ್ಬಳು ಮಗಳ ತಲೆಗೂದಲಿನ ಆರೈಕೆಗಾಗಿ ಕಪ್ಪು ಹೆಂಗಸರ ಸಲೂನಿಗೆ ಹೋಗಿ, ನನಗೆ ಗೊತ್ತಿಲ್ಲ, ಹೇಳಿಕೊಡಿ ಎಂದು ಕೇಳಿ ಕೂರಬೇಕಾಗುತ್ತದೆ. ನನಗೆ ಅವರಿಂದ ಸಿಕ್ಕಿದ್ದು ಈ ಒಂದು ತಿಳಿವಳಿಕೆ: ನಾನು ಅನುಭವಿಸದ ನೋವಿನ ವಿಷಯದಲ್ಲಿ ನನ್ನ ಪ್ರೀತಿ ತಾನಾಗಿಯೇ ಏನನ್ನೂ ಕಲಿಸುವುದಿಲ್ಲ, ನಾನೇ ಹೋಗಿ ಕಲಿಯಬೇಕು.

ಪೆಟ್ಟಿಗೆ ಬಂದ ತಿಂಗಳಲ್ಲೇ ದೀಪಾವಳಿಗೆ ಧಾರವಾಡಕ್ಕೆ ಹೋಗಿದ್ದೆವು. ಸುಭಾಸ ರೋಡಿನಲ್ಲಿ ಬಟ್ಟೆ ಕೊಳ್ಳುವಾಗ ಪರಿಚಯದ ಹೆಂಗಸೊಬ್ಬರು ಮಗಳ ಕೂದಲು ಮುಟ್ಟಿ, “ಯಾಕ್ರೀ, ಥೇಟ್ ಸಿದ್ದಿ ಹುಡುಗಿ ಹಂಗ ಕಾಣ್ತಾಳಲ್ರೀ” ಎಂದರು. ನಾನು ತಕ್ಷಣ “ಇಲ್ರೀ, ಇಕಿ ಸಿದ್ದಿ ಅಲ್ಲ” ಎಂದುಬಿಟ್ಟೆ. ಮಗಳ ಹೆತ್ತವರು ಯಾವ ಊರಿನವರು, ಯಾವ ಸಮುದಾಯದವರು ಎಂಬುದು ನಮ್ಮ ಕಡತದಲ್ಲಿ ಇಲ್ಲ; ಅಲ್ಲ ಎನ್ನಲು ನನಗೆ ಯಾವ ಆಧಾರವೂ ಇರಲಿಲ್ಲ. ಆಕೆಯ ಮಾತಿಗಿಂತ ನನ್ನ ಆ ಅವಸರವೇ ಕೆಟ್ಟದಾಗಿತ್ತು. ಯಾರೋ ಮಗುವಿನ ಮೇಲೆ ಕೆಸರು ಎಸೆದಾಗ ಒರೆಸುವ ಹಾಗೆ ಒಂದು ಸಮುದಾಯದ ಹೆಸರನ್ನು ನಾನು ಒರೆಸಿಹಾಕಿದ್ದೆ, ಅದನ್ನು ಮಗಳು ನನ್ನ ಕೈ ಹಿಡಿದುಕೊಂಡೇ ಕೇಳಿಸಿಕೊಂಡಳು. ರಾತ್ರಿ ಮಲಗುವಾಗ “ಸಿದ್ದಿ ಅಂದ್ರೇನಮ್ಮಾ?” ಎಂದಳು.

ಹೇಳಿದೆ. ಆಫ್ರಿಕಾದ ಪೂರ್ವ ತೀರದಿಂದ ಅರಬರೂ ಪೋರ್ಚುಗೀಸರೂ ಹಡಗಿನಲ್ಲಿ ತಂದ ಜನರ ಮಕ್ಕಳ ಮಕ್ಕಳು ಅವರು; ಗೋವೆಯಲ್ಲಿ ಗುಲಾಮರಾಗಿದ್ದ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು; ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾಗಳಲ್ಲಿ ಈಗಲೂ ಇದ್ದಾರೆ, ಕೊಂಕಣಿ ಮಾತಾಡುತ್ತಾರೆ, ನಮ್ಮ ಹಾಗೆ ಕನ್ನಡವನ್ನೂ ಮಾತಾಡುತ್ತಾರೆ ಎಂದೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು, 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದದ್ದು ಇವನ್ನೆಲ್ಲ ಏಳು ವರ್ಷದವಳಿಗೆ ಹೇಳಲಿಲ್ಲ, ನಾನು ಓದಿಕೊಂಡೆ. ಅಮ್ಮ ಪೇಟೆಯಲ್ಲಿ ಅಂದ ಮಾತು ತಪ್ಪು, ಸಿದ್ದಿ ಎನ್ನುವುದು ಬೈಗುಳವಲ್ಲ ಎಂದು ಮಾತ್ರ ಹೇಳಿದೆ. ಎರಡು ದಿನ ಬಿಟ್ಟು ದಾಂಡೇಲಿಗೆ ಹೋಗುವಾಗ ಹಳಿಯಾಳದ ಬಸ್ ನಿಲ್ದಾಣದಲ್ಲಿ ಸಮವಸ್ತ್ರ ತೊಟ್ಟ ಮೂವರು ಸಿದ್ದಿ ಹುಡುಗಿಯರು ಬಿಗಿಯಾಗಿ ಹೆಣೆದ ಜಡೆಗಳಿಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ನಿಂತಿದ್ದರು. ಮಗಳು ಕಾರಿನ ಕಿಟಕಿಗೆ ಮೂಗು ಒತ್ತಿ ಅವರು ಕಾಣದಾಗುವವರೆಗೂ ನೋಡಿದಳು. ಆ ಸಂಜೆ ಪೆಟ್ಟಿಗೆ ತೆಗೆದು ಬಿಡಿಸಿದ ಚಿತ್ರದಲ್ಲಿ ನಾಲ್ವರು ಹುಡುಗಿಯರಿದ್ದರು. ಪ್ರತಿಯೊಬ್ಬಳ ಮುಖಕ್ಕೂ ಬೇರೆ ಬೇರೆ ಕಡ್ಡಿ ಬಳಸಿದ್ದಳು. ಒಂದೇ ಒಂದು ಕಂದು ಕಡ್ಡಿಯಿರುವ ಸಾಧಾರಣ ಡಬ್ಬಿಯಲ್ಲಿ ಆ ನಾಲ್ವರೂ ಒಬ್ಬಳೇ ಆಗಿಬಿಡುತ್ತಿದ್ದರು.

ಬಳಕೆಯ ವಿಷಯಕ್ಕೆ ಬರುತ್ತೇನೆ. ಕಡ್ಡಿಗಳ ಮೇಲೆ ಬಣ್ಣದ ಹೆಸರುಗಳು ಇಂಗ್ಲಿಷ್, ಸ್ಪ್ಯಾನಿಷ್ ಮತ್ತು ಫ್ರೆಂಚಿನಲ್ಲಿವೆ. ಛಾಯೆಯ ಹೆಸರಿನ ಮುಂದೆ ತಿಳಿ, ಮಧ್ಯಮ, ಗಾಢ ಎಂದು ಹಚ್ಚಿದ ಹೆಸರುಗಳು ಅಳತೆಗೆ ಸರಿ, ಮಗುವಿನ ಬಾಯಿಗೆ ಬರುವಂಥವಲ್ಲ. ಹಾಗಾಗಿ ಅಡುಗೆಮನೆಯಲ್ಲಿ ಕೂತು ನಾವೇ ಹೆಸರಿಟ್ಟೆವು. ಒಂದು ಜೋಳದ ರೊಟ್ಟಿ, ಒಂದು ಹಳೇ ಬೆಲ್ಲ, ಒಂದು ಹುಣಸೆಹಣ್ಣು, ಒಂದು ಶೇಂಗಾದ ಮೇಲಿನ ಸಿಪ್ಪೆ. ತುಂಬ ಗಾಢವಾದ ಒಂದಕ್ಕೆ ಅವಳು ಗುರೆಳ್ಳು ಹಿಂಡಿ ಎಂದು ಹೆಸರಿಟ್ಟಳು. ತನ್ನ ಕಡ್ಡಿಯನ್ನು ಹುಡುಕಲು ಅರ್ಧ ಗಂಟೆ ತೆಗೆದುಕೊಂಡಳು. ಒಂದೊಂದನ್ನೂ ಮೊಣಕೈಯ ಹತ್ತಿರ ಹಿಡಿದು, ಕಾಗದದ ಮೇಲೆ ಗೀಚಿ, ಬಾಲ್ಕನಿಯ ಬೆಳಕಿಗೆ ಒಯ್ದು ನೋಡಿ, ಕೊನೆಗೆ ಒಂದನ್ನು ಮುಷ್ಟಿಯಲ್ಲಿ ಹಿಡಿದು ತಂದು, ಇದರ ಹೆಸರು ‘ಮಳಿ ಬಿದ್ದ ಎರಿ ಹೊಲ’ ಎಂದಳು. ಅಜ್ಜಿಯ ಊರಿನಲ್ಲಿ ಅವಳು ಓಡಾಡಿದ ಕಪ್ಪು ಮಣ್ಣಿನ ಹೊಲ ಅದು. ನನಗೆ ಆರಿಸಿ ಕೊಟ್ಟ ಕಡ್ಡಿಯ ಹೆಸರು ಹಸಿ ಗೋಧಿಹಿಟ್ಟು. ಆ ಹಳೆಯ ‘ಸ್ಕಿನ್ ಕಲರ್’ ಅನ್ನು ನನ್ನ ಕೈಗೆ ಹಿಡಿದು ನೋಡಿದರೆ ಅದು ನನ್ನ ಬಣ್ಣವೂ ಆಗಿರಲಿಲ್ಲ, ನಮ್ಮ ಕಟ್ಟಡದಲ್ಲಿ ಯಾರ ಬಣ್ಣವೂ ಆಗಿರಲಿಲ್ಲ. ಆಷಾಢದಲ್ಲಿ ಪಂಢರಪುರಕ್ಕೆ ಹೊರಟ ಪಾಲಖಿ ಪುಣೆಗೆ ಬಂದಾಗ ಸೊಂಟದ ಮೇಲೆ ಕೈಯಿಟ್ಟು ನಿಂತ ವಿಠೋಬನನ್ನು ಬಿಡಿಸಿ ಗುರೆಳ್ಳು ಹಿಂಡಿಯಿಂದ ತುಂಬಿದಳು, ಪಕ್ಕದ ಮನೆಯ ಅಜ್ಜಿ ಅದನ್ನು ತಮ್ಮ ದೇವರ ಗೂಡಿನಲ್ಲಿ ಅಂಟಿಸಿಕೊಂಡಿದ್ದಾರೆ.

ಈ ಪೆಟ್ಟಿಗೆಯಿಂದ ಆಗದ ಕೆಲಸವನ್ನೂ ಹೇಳಬೇಕು. ತರಗತಿ ಶಿಕ್ಷಕಿಯವರ ಬಳಿ ಮಾತಾಡಿ ಪೆಟ್ಟಿಗೆಯನ್ನು ಒಂದು ದಿನ ಶಾಲೆಗೆ ಕಳಿಸಿದೆ. ಅವರು ಸಂತೋಷದಿಂದಲೇ ಒಪ್ಪಿ, ಮಕ್ಕಳೆಲ್ಲ ತಮ್ಮ ತಮ್ಮ ಕಡ್ಡಿ ಹುಡುಕಿಕೊಳ್ಳುವಂತೆ ಮಾಡಿದರು. ಆದರೆ ಮಕ್ಕಳು ತಾವಾಗಿಯೇ ಕಡ್ಡಿಗಳನ್ನು ಬೆಂಚಿನ ಮೇಲೆ ಬಿಳಿಯಿಂದ ಕಪ್ಪಿನವರೆಗೆ ಸಾಲಾಗಿ ಜೋಡಿಸಿದರು, ಒಬ್ಬ ಹುಡುಗ ನಮ್ಮ ಮಗಳಿಗೆ “ತೂ ಶೇವಟಚೀ”, ನೀನು ಕೊನೆಯವಳು, ಎಂದನು. ಅವಳು ಏನೂ ಹೇಳದೆ ತನ್ನ ಕಡ್ಡಿಯನ್ನು ಕಂಪಾಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಮನೆಗೆ ಬಂದಳು. ಹಿಂದಿನ ನಾನಾಗಿದ್ದರೆ, ಬಿಡು, ಅವನಿಗೆ ಗೊತ್ತಾಗುವುದಿಲ್ಲ, ಎಲ್ಲ ಬಣ್ಣಗಳೂ ಒಂದೇ ಎಂದು ಸಮಾಧಾನ ಮಾಡುತ್ತಿದ್ದೆ. ಈ ಸಲ, ಅವನು ಹೇಳಿದ್ದು ತಪ್ಪು, ನಿನಗೆ ಬೇಜಾರಾದದ್ದು ಸರಿ, ಅವನಿಗೆ ತಿಳಿಹೇಳುವುದು ನಿನ್ನ ಕೆಲಸವಲ್ಲ, ನಾಳೆ ನಾನು ಹೋಗಿ ಮಾತಾಡುತ್ತೇನೆ ಎಂದೆ, ಹೋಗಿ ಮಾತಾಡಿದೆ. ಮೇಲುಕೀಳಿನ ಏಣಿ ಮಕ್ಕಳ ತಲೆಯಲ್ಲಿ ಮೊದಲೇ ಇರುತ್ತದೆ, ಬಣ್ಣಗಳು ಕೈಗೆ ಸಿಕ್ಕ ಕೂಡಲೇ ಅದು ಹೊರಗೆ ಬರುತ್ತದೆ. ಈ ಪೆಟ್ಟಿಗೆ ಕೊಳ್ಳುವವರು ಆ ಹೊತ್ತಿಗೆ ಹತ್ತಿರ ಕೂತಿರಬೇಕು ಎಂಬುದು ನನ್ನ ಕೋರಿಕೆ; ಹುಟ್ಟುಹಬ್ಬದ ಉಡುಗೊರೆಯಾಗಿ ಕೊಟ್ಟು ಮರೆತುಬಿಡುವ ವಸ್ತು ಇದಲ್ಲ.

ಬೆಲೆಯಲ್ಲಿ ಇದು ನಮ್ಮ ಸ್ಥಳೀಯ 24 ಬಣ್ಣಗಳ ಡಬ್ಬಿಗಿಂತ ಹಲವು ಪಟ್ಟು ದುಬಾರಿ. ಎಲ್ಲರಿಗೂ ಕೊಳ್ಳಲಾಗದು, ಕೊಳ್ಳಲೇಬೇಕೆಂದೂ ಇಲ್ಲ. ಸಾಧಾರಣ ಆಯಿಲ್ ಪೇಸ್ಟಲ್‌ನಲ್ಲಿ ಕಂದಿನ ಮೇಲೆ ತೆಳುವಾಗಿ ಕೇಸರಿ, ಅದರ ಮೇಲೆ ಕಪ್ಪು ಎಳೆದು ಬೆರಳಿನಿಂದ ತಿಕ್ಕಿದರೆ ಗಾಢ ಮೈಬಣ್ಣಗಳು ಚೆನ್ನಾಗಿಯೇ ಬರುತ್ತವೆ. ಹಳದಿ ಬೆರೆಸಿದರೆ ಹೊನ್ನಿನ ಛಾಯೆ, ಕೆಂಪು ಬೆರೆಸಿದರೆ ಗುಲಾಬಿಯದು. ತಾಯಿ ಮಗು ಜೊತೆಗೆ ಕೂತು ಹೀಗೆ ಬಣ್ಣ ಬೆರೆಸುವುದರಲ್ಲಿ ಮಾತಾಡಲು ಇನ್ನೂ ಹೆಚ್ಚು ಸಮಯ ಸಿಗುತ್ತದೆ ಎಂಬುದನ್ನು ಈ ಪೆಟ್ಟಿಗೆ ಬರುವ ಮೊದಲೇ ನಾನು ತಿಳಿದಿದ್ದರೆ ಚೆನ್ನಾಗಿತ್ತು. ಒರಟು ಕಾಗದದ ಮೇಲೆ ಈ ಮೇಣದ ಬಣ್ಣಗಳು ದಟ್ಟವಾಗಿ ಕೂರುತ್ತವೆ, ನುಣುಪು ಕಾಗದಕ್ಕೆ ಅಷ್ಟು ಹೊಂದುವುದಿಲ್ಲ. ಅಂಗನವಾಡಿ, ಬಾಲವಾಡಿ, ಶಾಲೆಗಳಿಗೆ ಕೊಡುಗೆ ನೀಡುವ ಯೋಚನೆಯಿರುವ ಕನ್ನಡ ಬಾಂಧವರು ಒಂದು ತರಗತಿಗೆ ಎರಡು ಪೆಟ್ಟಿಗೆಯಂತೆ ಕೊಟ್ಟರೆ ಸಾಕು. ಮಕ್ಕಳು ಹಂಚಿಕೊಂಡು ಬಳಸುತ್ತಾರೆ, ಪಕ್ಕದವನ ಕೈಯ ಬಣ್ಣ ನೋಡುವುದಕ್ಕೂ ಒಂದು ನೆಪವಾಗುತ್ತದೆ.

ನಮ್ಮ ಪೆಟ್ಟಿಗೆಯಲ್ಲಿ ಹಸಿ ಗೋಧಿಹಿಟ್ಟು ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಮಳಿ ಬಿದ್ದ ಎರಿ ಹೊಲ ಮಾತ್ರ ಸವೆದು ಕಿರುಬೆರಳಿನ ಉಗುರಿನಷ್ಟಾಗಿದೆ, ಸುತ್ತಿದ ಕಾಗದವೂ ಹೋಗಿದೆ, ಅದನ್ನೇ ಎರಡು ಬೆರಳಲ್ಲಿ ಹಿಡಿದು ಹಚ್ಚುತ್ತಾಳೆ. ಆ ಒಂದು ಕಡ್ಡಿ ಬಿಡಿಯಾಗಿ ಸಿಗುತ್ತದೆಯೇ ಎಂದು ಮೊನ್ನೆ ಮತ್ತೆ ಅಪ್ಪಾ ಬಳವಂತ ಚೌಕದಲ್ಲಿ ಕೇಳಿಬಂದೆ. ಸಿಗಲಿಲ್ಲ, ಇಡೀ ಪೆಟ್ಟಿಗೆಯನ್ನೇ ಮತ್ತೆ ತರಿಸುತ್ತಿದ್ದೇವೆ.